ಶಕ್ತಿತಸ್ತಪವೂ ರೋಗಿಯ ಉಪವಾಸವೂ

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ಶಕ್ತಿಯನ್ನು ಬಚ್ಚಿಡದೆಯೂ ಮೀರದೆಯೂ ತಪವನ್ನಾಚರಿಸುವುದೇ ಅದರ ಆಶಯ. ಹಾಗಾದರೆ ಮೂತ್ರಪಿಂಡವೂ ಹೃದಯವೂ ದುರ್ಬಲವಾದ ಶ್ರಾವಕನು ದಶಲಕ್ಷಣ ಪರ್ವದ 10 ದಿನವೂ ಉಪವಾಸವಿರಬಹುದೇ?

ಆರೋಗ್ಯವಂತನ ದೇಹವು ಉಪವಾಸದ ದಿನಗಳು ಕಳೆದಂತೆ ಕೊಬ್ಬನ್ನು ಉರಿಸಿ ಮಾಂಸಖಂಡವನ್ನು ಕಾಯ್ದುಕೊಳ್ಳಲು ಯತ್ನಿಸುತ್ತದೆ. ಈ ರೋಗಿಗಳಲ್ಲಾದರೋ ರಕ್ತದ ಆಮ್ಲತೆ, ಉರಿಯೂತಗಳಿಂದ, ಉಣ್ಣುತ್ತಿರುವಾಗಲೇ ಮಾಂಸಖಂಡ ಕರಗುತ್ತಿರುತ್ತದೆ. ಮೈಯ ಬಾವು ತೂಕವನ್ನು ಇಳಿಯಗೊಡದೆ ಆ ನಷ್ಟವನ್ನು ಮರೆಮಾಡುತ್ತದೆ. ಇನ್ನೊಂದು ಭ್ರಾಂತಿಯೂ ಉಂಟು. ಕ್ರಿಯಾಟಿನಿನ್ ಹುಟ್ಟುವುದೇ ಮಾಂಸಖಂಡದಿಂದ. ಅದು ಸವೆದಾಗ ರಕ್ತಪರೀಕ್ಷೆಯ ಅಂಕಿಯೂ ಇಳಿಯಬಹುದು. ಮನೆಯವರು ಅದನ್ನೇ ವ್ರತದ ಫಲವೆಂದು ಹಿಗ್ಗುವರು!

ಇದನ್ನು ಸಲ್ಲೇಖನಕ್ಕೆ ಹೋಲಿಸುವುದು ಸಲ್ಲದು. ಅದು ಪ್ರತೀಕಾರವಿಲ್ಲದ ರೋಗಕ್ಕೆ ಹೇಳಿದ್ದು. ಭಸ್ಮಕವ್ಯಾಧಿಯಿಂದ ಬಳಲಿ ಸಲ್ಲೇಖನವನ್ನು ಬೇಡಿದ ಸಮಂತಭದ್ರಾಚಾರ್ಯರಿಗೆ ಗುರುಗಳು ಸಮ್ಮತಿಸದೆ, ಮೊದಲು ರೋಗವನ್ನು ನೀಗಿಕೊಳ್ಳುವಂತೆ ಆಜ್ಞಾಪಿಸಿದರೆಂದು ಪರಂಪರೆ ಹೇಳುತ್ತದೆ. ಮುನಿಗೇ ಹೀಗಾದರೆ ಗೃಹಸ್ಥನ ಮಾತೇನು?

ಬಾಹ್ಯತಪಗಳು 6, ಅನಶನವೊಂದೇ ಅಲ್ಲ. ರಸಪರಿತ್ಯಾಗದಲ್ಲಿ ಬಿಡಬೇಕಾದ ಷಡ್ರಸಗಳಲ್ಲಿ ಉಪ್ಪೂ ಸೇರಿದೆ. ಇಂಥ ರೋಗಿಗಳಿಗೆ ವೈದ್ಯರು ಕಡಿಮೆ ಮಾಡಲು ಹೇಳುವುದೂ ಅದನ್ನೇ. ವೈದ್ಯರು ಬಿಡಿಸಿದ್ದು ವ್ರತವಾದೀತೇ ಎಂದು ನನ್ನ ತಾಯಿಯವರು ಕೇಳಿದ್ದರು. ನಾಲಗೆಯ ಮೋಹವೂ ಜೊತೆಗೇ ಬಿಟ್ಟಿತಾದರೆ ಆದೀತು ಎಂದೆ. ಆ ಭಾದ್ರಪದದಲ್ಲಿ ಅವರು ಸಪ್ಪೆ ಗಂಜಿಯನ್ನುಂಡು ಬಸದಿಗೆ ನಡೆದೇ ಹೋದರು.