ಅರ್ಪಿತಕ್ಕೆ ಒದಗದ ವೇಗ

ಕಳೆದ ಜಾತ್ರೆಯ ದಿನ ಪ್ರಸಾದ ಮುಗಿದ ಮೇಲೆ ಮಠದ ಹಳೆಯ ವಿದ್ಯಾರ್ಥಿಯೊಬ್ಬರು ಹೊಂಗೆಮರದ ನೆರಳಿನಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತು, ಜೇಬಿನಿಂದ ನಾಲ್ಕು ಮಡಿಕೆಯ ಬಣ್ಣದ ಕಾಗದವೊಂದನ್ನು ತೆಗೆದು ಬಿಡಿಸಿದರು. ಅದೊಂದು ಮೋಟಾರು ಕಾರಿನ ಬೆಲೆಪಟ್ಟಿ. ಕಾರು ಒಂದೇ, ಪಟ್ಟಿಯಲ್ಲಿ ಅಂಕಣಗಳು ಮಾತ್ರ ಏಳು. ಎಡತುದಿಯಲ್ಲಿ ಬೇಸ್ ಮಾಡೆಲ್, ಬಲತುದಿಯಲ್ಲಿ ಟಾಪ್ ಮಾಡೆಲ್. ಅದರಾಚೆಗೂ ಕೆಂಪಕ್ಷರದಲ್ಲಿ 'ಸ್ಪೋರ್ಟ್' ಎಂದು ಬರೆದ ಇನ್ನೊಂದು. ಎರಡು ತುದಿಗಳ ನಡುವೆ ಹಲವು ಲಕ್ಷ ರೂಪಾಯಿಗಳ ಅಂತರ.

ಅವರ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಭಾನುವಾರ ಬೆಳಗಿನ ಜಾವ ಗೆಳೆಯರೊಡನೆ ಸ್ಕಂದಗಿರಿಗೆ ಹೋಗಿ ಸೂರ್ಯೋದಯ ನೋಡಿ ಬರುವುದು ಅವನ ರೂಢಿ. ಜೊತೆಯವರೆಲ್ಲ ವೇಗದ ಕಾರುಗಳನ್ನು ಕೊಂಡಿದ್ದಾರೆ. ಇವನಿಗೂ ಬಲತುದಿಯದೇ ಬೇಕು. ಅರ್ಧ ಹಣ ತಂದೆಯದು, ಉಳಿದದ್ದು ಸಾಲದ ಕಂತು. "ಮೇಷ್ಟ್ರೇ, ದುಡ್ಡಿನ ಮಾತು ಹಾಗಿರಲಿ. ಇವುಗಳಲ್ಲಿ ಯಾವುದನ್ನು ಕೊಂಡರೆ ತಪ್ಪಲ್ಲ? ಅದನ್ನು ಹೇಳಿ" ಎಂದರು. ಅದು ಶೋರೂಮಿನಲ್ಲಿ ಕೇಳಬೇಕಾದ ಪ್ರಶ್ನೆಯೆಂದು ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ರಾತ್ರಿ ಮಲಗಿದಾಗ, ಆ ಪ್ರಶ್ನೆಯನ್ನು ಅವರು ಸರಿಯಾದ ಸ್ಥಳದಲ್ಲಿಯೇ ಕೇಳಿದರೆಂದೂ, ತಪ್ಪಾಗಿ ನಕ್ಕವನು ನಾನೆಂದೂ ಅನ್ನಿಸಿತು. ಆದಕಾರಣ ವಾಚಕ ಬಂಧುಗಳೇ, ಅಂದು ಹೇಳಬೇಕಾಗಿದ್ದುದನ್ನು ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮನೆಯಲ್ಲಿಯೂ ಇಂತಹುದೇ ಕಾಗದವೊಂದು ಇದ್ದೀತು.

ನಮ್ಮ ಕಾಲದಲ್ಲಿ ಈ ಧರ್ಮಸಂಕಟ ಇರಲಿಲ್ಲ. ಕಾರೆಂದರೆ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದೇ ಒಂದು ತಪಸ್ಸು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಸಾಮಾನ್ಯನಿಗೂ ಆಯ್ಕೆಯ ಬಾಗಿಲು ತೆರೆಯಿತು. ಇಂದು ಅದು ಬಾಗಿಲಾಗಿ ಉಳಿದಿಲ್ಲ, ಏಣಿಯಾಗಿದೆ. ಒಂದು ಮೆಟ್ಟಿಲಿಗೆ ಅಲಾಯ್ ಚಕ್ರ, ಮುಂದಿನದಕ್ಕೆ ಸನ್‌ರೂಫ್, ಅದರ ಮುಂದಿನದಕ್ಕೆ ಚರ್ಮದ ಆಸನ. ಜರ್ಮನಿಯ ಪೋರ್ಷೆಯಂತಹ ಕಾರುಗಳಲ್ಲಿ ಆಸನದ ಹೊಲಿಗೆಯ ದಾರದ ಬಣ್ಣಕ್ಕೂ ಬೇರೆ ಬೆಲೆ ಕಟ್ಟಿರುತ್ತಾರೆ. ನಮ್ಮ ನಡುವಿನದೇ ಒಂದು ಉದಾಹರಣೆ ಬೇಕಾದರೆ, 2021ರಲ್ಲಿ ಹ್ಯುಂಡೈ ಸಂಸ್ಥೆ ಐ20 ಕಾರಿನ 'ಎನ್ ಲೈನ್' ಎಂಬ ಸ್ಪೋರ್ಟ್ ಮಾದರಿಯನ್ನು ನಮ್ಮ ದೇಶದಲ್ಲಿ ಬಿಡುಗಡೆ ಮಾಡಿತು. ಅದರ ಎಂಜಿನ್ ಸಾಧಾರಣ ಐ20 ಟರ್ಬೋದಲ್ಲಿದ್ದ 998 ಸಿ.ಸಿ. ಎಂಜಿನ್ನೇ, ಶಕ್ತಿಯೂ ಅದೇ 120 ಅಶ್ವಶಕ್ತಿ. ಬದಲಾದದ್ದು ಸಸ್ಪೆನ್ಷನ್ನಿನ ಬಿಗಿ, ಸ್ಟೀರಿಂಗಿನ ಹಿಡಿತ, ಹಿಂದಿನ ಚಕ್ರಗಳಿಗೂ ಕೊಟ್ಟ ಡಿಸ್ಕ್ ಬ್ರೇಕು, ಮೈಮೇಲಿನ ಕೆಂಪು ಗೆರೆ, ಮತ್ತು ಹೊಗೆಕೊಳವೆಯ ಸದ್ದು. ಅಶ್ವಗಳು ಹೆಚ್ಚಲಿಲ್ಲ, ಕೆನೆತ ಹೆಚ್ಚಿತು. ಇದನ್ನು ಹಾಸ್ಯಕ್ಕಾಗಿ ಮಾತ್ರ ಹೇಳುತ್ತಿಲ್ಲ. ಆ ಪಟ್ಟಿಯಲ್ಲಿ ಡಿಸ್ಕ್ ಬ್ರೇಕು ಕೆಂಪು ಗೆರೆಯ ಪಕ್ಕದಲ್ಲಿ ಕುಳಿತಿರುವುದನ್ನು ದಯವಿಟ್ಟು ನೆನಪಿನಲ್ಲಿಡಿ.

ಇನ್ನು ಆ ಯುವಕ ಹೋಗುವ ಬೆಟ್ಟದ ವಿಚಾರ. ಸ್ಕಂದಗಿರಿಯನ್ನು ನಮ್ಮ ಹಿರಿಯರು ಕಳವಾರದುರ್ಗವೆಂದೇ ಕರೆಯುತ್ತಿದ್ದರು. ಚಿಕ್ಕಬಳ್ಳಾಪುರಕ್ಕೆ ಅಂಟಿಕೊಂಡಂತೆ, ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದಲ್ಲಿ, ನಂದಿಬೆಟ್ಟದ ನೆರೆಯಲ್ಲಿ ನಿಂತಿದೆ. ಅದೇ ಬೆಟ್ಟಸಾಲಿನ ತಪ್ಪಲಿನ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ನಮ್ಮ ದೇಶದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು ಅವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯದೆ ಆ ಯೋಜನೆ ಮೈಸೂರು ಸೀಮೆಯಲ್ಲಿ ಕೈಗೂಡಲಿಲ್ಲ. ಸ್ಕಂದಗಿರಿಯ ಬುಡದಲ್ಲಿ ಕಳವಾರ ಗ್ರಾಮ, ಪಾಪಾಗ್ನಿ ಮಠ. ನೆತ್ತಿಯಲ್ಲಿ ಪಾಳುಕೋಟೆಯ ಗೋಡೆಗಳು, ಹಳೆಯದೊಂದು ಗುಡಿ. ಹತ್ತುವ ದಾರಿ ಸುಮಾರು ನಾಲ್ಕು ಕಿಲೋಮೀಟರು. ರಾತ್ರಿಯ ಚಾರಣಕ್ಕೆ ನಿಷೇಧವಿದ್ದು, ಅನುಮತಿ ಪಡೆದವರು ಬೆಳಗಿನ ಜಾವ ಹತ್ತುತ್ತಾರೆ. ಚಳಿಗಾಲದಲ್ಲಿ ಮೇಲೆ ನಿಂತವನ ಕಾಲಕೆಳಗೆ ಮೋಡಗಳು ಕಡಲಿನಂತೆ ಹರಡಿಕೊಂಡಿರುತ್ತವೆ. ಆ ನೋಟವನ್ನು ಒಮ್ಮೆ ಕಂಡವನು ಮರೆಯಲಾರ; ಮಗನನ್ನು ಅಲ್ಲಿಗೆ ಹೋಗಬೇಡವೆನ್ನುವ ತಂದೆ ನಾನಾಗಲಾರೆ.

ಒಂದು ಮಾತು ಮಾತ್ರ ಸ್ಪಷ್ಟ. ಬೇಸ್ ಮಾಡೆಲ್ಲಾಗಲಿ, ಸ್ಪೋರ್ಟ್ ಮಾಡೆಲ್ಲಾಗಲಿ, ಕಳವಾರದಲ್ಲಿ ನಿಲ್ಲಲೇಬೇಕು. ಅಲ್ಲಿಂದ ಮುಂದೆ ಎಲ್ಲರಿಗೂ ಅವರವರ ಕಾಲೇ ಗತಿ.

ಈಗ ಪ್ರಶ್ನೆಗೆ ಬರೋಣ. ಶರಣಧರ್ಮ ಇಂದ್ರಿಯಗಳನ್ನು ಕೊಲ್ಲೆಂದು ಹೇಳಿದ ಧರ್ಮವಲ್ಲ. ಕಣ್ಣಿಗೆ ಕಂಡ ಚೆಲುವು, ಕಿವಿಗೆ ಬಿದ್ದ ನಾದ, ನಾಲಗೆಗೆ ಒದಗಿದ ಸವಿ ಇವೆಲ್ಲ ಪದಾರ್ಥಗಳು. ಲಿಂಗಕ್ಕೆ ಅರ್ಪಿತವಾದಾಗ ಅವೇ ಪ್ರಸಾದ. ರೂಪು ಇಷ್ಟಲಿಂಗಕ್ಕೆ, ರುಚಿ ಪ್ರಾಣಲಿಂಗಕ್ಕೆ, ತೃಪ್ತಿ ಭಾವಲಿಂಗಕ್ಕೆ ಎಂಬ ಕ್ರಮವನ್ನು ಪ್ರಸಾದನಿಲಯದಲ್ಲಿ ಓದಿದ ನಿಮಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಕೆಂಪು ಬಣ್ಣದ ಕಾರನ್ನು ಮೆಚ್ಚುವುದು ಪಾಪವೆಂದು ಯಾರಾದರೂ ಹೇಳಿದರೆ ಅವರು ನಮ್ಮ ದರ್ಶನವನ್ನು ಬೇರೆಯದರೊಡನೆ ಕಲಸಿಕೊಂಡಿದ್ದಾರೆ. ಬೆಟ್ಟದ ತಿರುವಿನಲ್ಲಿ ಚಕ್ರ ನೆಲವನ್ನು ಗಟ್ಟಿಯಾಗಿ ಹಿಡಿದು ಸಾಗುವಾಗ ಉಂಟಾಗುವ ಹರ್ಷವೂ ಅರ್ಪಿತಕ್ಕೆ ಯೋಗ್ಯವೇ.

ಆದರೆ ಅರ್ಪಿತ ನಡೆಯುವುದು ಭೋಗದ ಕ್ಷಣದಲ್ಲಿ. ಉಣ್ಣದ ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವುದು ಸಾಧ್ಯವಿಲ್ಲ. ಗಂಟೆಗೆ 200 ಕಿಲೋಮೀಟರ್ ಓಡಬಲ್ಲ ಕಾರಿನ ಕೊನೆಯ 100 ಕಿಲೋಮೀಟರುಗಳು ಯಾವ ದಿನ, ಯಾವ ರಸ್ತೆಯಲ್ಲಿ ಬಳಕೆಗೆ ಬರುತ್ತವೆ? ನಾಲ್ಕು ಪಥದ ವಿಭಜಿತ ಹೆದ್ದಾರಿಗಳಲ್ಲಿ ಕಾರಿನ ಗರಿಷ್ಠ ವೇಗವನ್ನು ಕೇಂದ್ರ ಸರ್ಕಾರ 2018ರ ಅಧಿಸೂಚನೆಯಲ್ಲಿ 100 ಕಿಲೋಮೀಟರ್ ಎಂದು ಗೊತ್ತುಪಡಿಸಿತು. ಉಳಿದ ರಸ್ತೆಗಳಲ್ಲಿ 70. ಹಾಗಾದರೆ ಆ ಹೆಚ್ಚಿನ ವೇಗ ಭೋಗಕ್ಕೂ ಬರದೆ, ಅರ್ಪಿತಕ್ಕೂ ಒದಗದೆ, ಕೇವಲ 'ನನ್ನಲ್ಲಿದೆ' ಎಂಬ ಭಾವಕ್ಕೆ ಆಹಾರವಾಗಿ ಉಳಿಯುತ್ತದೆ. ಬಳಕೆಗೆ ತಂದೆವೆನ್ನಿ, ಆಗ ಇನ್ನೂ ಕೆಟ್ಟದ್ದು. 80ರಲ್ಲಿ ಓಡುವ ಕಾರನ್ನು 120ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟಾಗುತ್ತದೆ. ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡೂಕಾಲು ಪಟ್ಟಾಗುತ್ತದೆ. ನಿಸರ್ಗ ಇಲ್ಲಿ ವರ್ಗದ ಲೆಕ್ಕ ಹಿಡಿಯುತ್ತದೆ, ನಮ್ಮ ಮನಸ್ಸು ಕೂಡುವ ಲೆಕ್ಕದಲ್ಲಿಯೇ ಇರುತ್ತದೆ.

ಸದ್ದಿನ ವಿಚಾರವೂ ಹಾಗೆಯೇ. ನಾದ ಅರ್ಪಿತಕ್ಕೆ ಸಲ್ಲುತ್ತದೆ, ನಿಜ. ಆದರೆ ಬೆಳಗಿನ ನಾಲ್ಕು ಗಂಟೆಗೆ ಹಳ್ಳಿಯ ನಡುವೆ ಗುಡುಗುತ್ತ ಸಾಗುವ ಕಾರಿನ ಸದ್ದನ್ನು ಅನುಭವಿಸುವವರು ಒಳಗೆ ಕುಳಿತವರಷ್ಟೇ ಅಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಸೀಮೆ ರೇಷ್ಮೆಯ ಸೀಮೆ. ಹಣ್ಣಾಗುವ ಮುನ್ನಿನ ದಿನಗಳಲ್ಲಿ ಹುಳುಗಳ ಹಸಿವಿಗೆ ಹಗಲು ರಾತ್ರಿಯಿಲ್ಲ. ಸರಿರಾತ್ರಿಯವರೆಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಆಗತಾನೆ ಕಣ್ಣು ಮುಚ್ಚಿದ ತಾಯಿಯ ನಿದ್ರೆಯನ್ನು ಕಸಿದು ತಂದ ನಾದವನ್ನು ಯಾವ ಲಿಂಗಕ್ಕೆ ಅರ್ಪಿಸುವುದು?

ಇಲ್ಲಿ ಆಯ್ದಕ್ಕಿ ದಂಪತಿಗಳ ಪ್ರಸಂಗ ನೆನಪಾಗದಿರದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಒಪ್ಪಲಿಲ್ಲ, ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿಸಿದರು. ನಾವು ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇವೆ! ಕೇಳಿ ಕೇಳಿ ಅದರ ಮೊನೆ ಮೊಂಡಾಗಿದೆ. ಆ ಅಕ್ಕಿ ಕಳವಿನದಲ್ಲ, ಕೆಟ್ಟದ್ದಲ್ಲ, ಎಂದಿನ ಅಕ್ಕಿಯೇ. ಕಡಿಮೆ ತನ್ನಿ ಎಂದೂ ಆ ತಾಯಿ ಹೇಳಲಿಲ್ಲ. ಎಷ್ಟು ಜನ ಜಂಗಮರಿಗೆ ನೀಡಬೇಕಾಗಿದೆಯೆಂಬ ಲೆಕ್ಕ ಅವರ ಕೈಯಲ್ಲಿತ್ತು. ಆ ಲೆಕ್ಕದಿಂದ ಅಳತೆ ಹುಟ್ಟಿತು. ಬೆಲೆಪಟ್ಟಿಯ ಮುಂದೆ ಕುಳಿತ ನಮ್ಮಲ್ಲಿ ಇಲ್ಲದಿರುವುದು ಹಣವಲ್ಲ, ಈ ಮೊದಲಿನ ಲೆಕ್ಕ. ಅಳತೆಯಿಲ್ಲದೆ ಅಂಗಡಿಗೆ ಹೋದವನಿಗೆ ಅಂಗಡಿಯವನೇ ಅಳೆದು ಕೊಡುತ್ತಾನೆ.

ನಿಮ್ಮಲ್ಲಿ ವಿಚಾರವಂತರು ಇಲ್ಲಿ ನನ್ನನ್ನು ತಡೆಯಬಹುದು: ಬಳಕೆಗೆ ಬಾರದ್ದು ಬೇಡವಾದರೆ ಏರ್‌ಬ್ಯಾಗ್ ಏಕೆ? ಅದು ಒಮ್ಮೆಯೂ ಬಿಚ್ಚಿಕೊಳ್ಳದಿರಲಿ ಎಂಬುದೇ ಎಲ್ಲರ ಪ್ರಾರ್ಥನೆಯಲ್ಲವೇ? ಈ ಆಕ್ಷೇಪ ಸಣ್ಣದಲ್ಲ. 2023ರ ಅಕ್ಟೋಬರ್ 26ರ ಬೆಳಗ್ಗೆ, ಚಿಕ್ಕಬಳ್ಳಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ನಿಂತಿದ್ದ ಟ್ಯಾಂಕರಿಗೆ ಪ್ರಯಾಣಿಕರು ತುಂಬಿದ್ದ ಸುಮೋ ಡಿಕ್ಕಿ ಹೊಡೆದು 13 ಜನ ಪ್ರಾಣ ಬಿಟ್ಟರು. ದಟ್ಟ ಮಂಜಿನ ಹೊತ್ತು. ದುಡಿಮೆಗಾಗಿ ಬೆಂಗಳೂರಿಗೆ ಹೊರಟಿದ್ದವರು ಅವರಲ್ಲಿದ್ದರು. ಬೆಟ್ಟದ ಮೇಲೆ ನಿಂತವನಿಗೆ ಮೋಡದ ಕಡಲಾಗಿ ಕಾಣುವುದೇ ಕೆಳಗಿನ ರಸ್ತೆಯಲ್ಲಿ ಕಣ್ಣು ಕಟ್ಟುವ ಮಂಜು. ಆ ಮಂಜಿನೊಳಗಿಂದಲೇ ನಮ್ಮ ಮಕ್ಕಳು ಭಾನುವಾರ ಕಾರು ಓಡಿಸಿಕೊಂಡು ಬರುತ್ತಾರೆ.

ಬಿಚ್ಚಿಕೊಳ್ಳದ ಏರ್‌ಬ್ಯಾಗ್ ಬಳಕೆಯಲ್ಲಿಲ್ಲವೆನ್ನುವುದು ತಪ್ಪು. ಮನೆಯ ಬಾಗಿಲಿನ ಅಗುಳಿ ಕಳ್ಳ ಬಾರದ ರಾತ್ರಿಯೂ ಕೆಲಸದಲ್ಲಿಯೇ ಇರುತ್ತದೆ. ಅದು ಪ್ರತಿಕ್ಷಣವೂ ಒಬ್ಬರ ಪ್ರಾಣದ ಕಾವಲು. ಬಳಸದ ವೇಗವಾದರೋ ಯಾರ ಕಾವಲೂ ಅಲ್ಲ. ಬ್ರೇಕು, ಬೆಲ್ಟು, ಮಂಜಿನಲ್ಲಿ ದಾರಿ ತೋರುವ ದೀಪ ಇವುಗಳಿಗೆ ಕೊಟ್ಟ ಹಣ ಕಾರಿನೊಳಗಿರುವವರಿಗೂ ರಸ್ತೆಯಲ್ಲಿ ಎದುರಾಗುವ ಅಪರಿಚಿತನಿಗೂ ಸಲ್ಲುವ ಹಣ.

ಹೀಗಿರುವಾಗ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಮಾರುವುದು ನನಗೆ ಬಹುಕಾಲದಿಂದ ಸಹಿಸಲಾಗದ ಸಂಗತಿ. 2019ರ ಜುಲೈಯಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗುವವರೆಗೆ ನಮ್ಮ ದೇಶದ ಎಷ್ಟೋ ಚಿಕ್ಕ ಕಾರುಗಳಲ್ಲಿ ಅದು ಮೇಲಿನ ಮೆಟ್ಟಿಲಿನವರಿಗೆ ಮಾತ್ರ ದೊರೆಯುತ್ತಿತ್ತು. ಪ್ರಾಣರಕ್ಷಣೆ ಬೇಕಾದವನು ಸಂಗೀತದ ಪೆಟ್ಟಿಗೆಯನ್ನೂ ಹೊಳೆಯುವ ಚಕ್ರವನ್ನೂ ಕೊಳ್ಳಬೇಕಾಗಿತ್ತು. ಕೊಳ್ಳಲಾಗದವನು ಎಲ್ಲವನ್ನೂ ಬಿಡಬೇಕಾಗಿತ್ತು. ಇದಕ್ಕೆ ಪ್ರತಿಯಾಗಿ ಸ್ವೀಡನ್ನಿನ ವೋಲ್ವೋ ಸಂಸ್ಥೆಯ ನಡೆಯನ್ನು ನೋಡಿ. ಅದರ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟಿನ ಪೇಟೆಂಟನ್ನು ಸಂಸ್ಥೆ ಇತರ ತಯಾರಕರೆಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಅವರು ದಾಸೋಹವೆಂಬ ಪದವನ್ನು ಕೇಳಿರಲಿಕ್ಕಿಲ್ಲ. ಕೇಳಿದ ನಾವು ಎಷ್ಟನ್ನು ಹಾಗೆ ಬಿಟ್ಟುಕೊಟ್ಟಿದ್ದೇವೆಂಬುದು ಬೇರೆ ಮಾತು.

ರೂಪು, ರುಚಿಗಳ ಮಾತಾಯಿತು, ತೃಪ್ತಿಯದು ಉಳಿಯಿತು. ಬೇಸ್ ಮಾಡೆಲ್ ಕಾರಿನೊಳಗೆ ಕುಳಿತವರು ಒಂದನ್ನು ಗಮನಿಸಿರಬಹುದು. ಚಾಲಕನ ಮುಂದೆ ಕೆಲವು ಖಾಲಿ ಗುಂಡಿಗಳಿರುತ್ತವೆ. ಒತ್ತಿದರೆ ಏನೂ ಆಗುವುದಿಲ್ಲ. ಮೇಲಿನ ಮೆಟ್ಟಿಲಿನ ಕಾರಿನಲ್ಲಿ ಅಲ್ಲಿ ಏನೋ ಒಂದು ಸೌಲಭ್ಯವಿರುತ್ತದೆ. ಕೆಳಗಿನದರಲ್ಲಿ ಆ ಜಾಗಕ್ಕೆ ಪ್ಲಾಸ್ಟಿಕ್ಕಿನ ಮುಚ್ಚಳ. ಎಲ್ಲಕ್ಕೂ ಒಂದೇ ಅಚ್ಚು ಬಳಸಿದರೆ ಖರ್ಚು ಕಡಿಮೆಯೆಂಬುದು ತಯಾರಕರ ಲೆಕ್ಕ, ಅದರಲ್ಲಿ ಕಪಟವಿಲ್ಲ. ಆದರೂ ಕೊಂಡವನಿಗೆ ಆ ಗುಂಡಿ ಪ್ರತಿದಿನವೂ ತಾನು ಕೊಳ್ಳದೆ ಬಿಟ್ಟದ್ದನ್ನು ಹೇಳುತ್ತಿರುತ್ತದೆ. ಐದು ವರ್ಷ ಚೆನ್ನಾಗಿ ಓಡಿದ ಕಾರು, ಮನೆಮಂದಿಯನ್ನು ಕ್ಷೇಮವಾಗಿ ತಂದ ಕಾರು, ಆ ಒಂದು ಖಾಲಿ ಗುಂಡಿಯಿಂದಾಗಿ ಕೊರತೆಯ ಕಾರಾಗುತ್ತದೆ. ಟಾಪ್ ಮಾಡೆಲ್ ಕೊಂಡರೆ ಕೊರತೆ ತೀರಿತೇ? ಮರುವರ್ಷ ಹೊಸ ಮಾದರಿ ಬರುತ್ತದೆ, ಇನ್ನೊಂದು ಗುಂಡಿಯೊಡನೆ. ಮಠದ ಪಂಕ್ತಿಯಲ್ಲಿ ಒಂದೇ ಮುದ್ದೆ, ಒಂದೇ ಸಾರು ಉಂಡು ಎದ್ದಾಗ ಪಕ್ಕದವನ ತಟ್ಟೆ ನೋಡಿದ ನೆನಪು ನಮ್ಮಲ್ಲಿ ಯಾರಿಗೂ ಇಲ್ಲ. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲವೆಂಬುದೇ ಕಾರಣವೋ, ನಮಗೆ ಸಂಸ್ಕಾರವಿತ್ತೋ, ಈಗ ಹೇಳುವುದು ಕಷ್ಟ.

ಹಾಗೆಂದು ಎಡತುದಿಯ ಅಂಕಣವನ್ನೇ ಕೊಳ್ಳಿ ಎಂದೂ ನಾನು ಹೇಳಲಾರೆ. ಅನುಕೂಲವಿದ್ದೂ ಅತಿ ಅಗ್ಗದ್ದನ್ನು ಕೊಂಡು, ಅದನ್ನು ಕಂಡಕಂಡವರಿಗೆ ಹೇಳಿಕೊಂಡು ತಿರುಗುವವರನ್ನು ನೋಡಿದ್ದೇನೆ. ಅದೂ ಒಂದು ಬಗೆಯ ಸ್ಪೋರ್ಟ್ ಮಾಡೆಲ್ಲೇ. ಅದರ ಸದ್ದೂ ದೂರದವರೆಗೆ ಕೇಳಿಸುತ್ತದೆ.

ಇಷ್ಟನ್ನೂ ಒಂದು ಪತ್ರದಲ್ಲಿ ಬರೆದು ಆ ಮಿತ್ರರಿಗೆ ಕಳುಹಿಸಿದೆ. ತಿಂಗಳ ಮೇಲೆ ಫೋನು ಮಾಡಿದರು. ತಂದೆ ಮಗ ಇಬ್ಬರೂ ಪೆನ್ಸಿಲು ಹಿಡಿದು ಪಟ್ಟಿಯ ಮುಂದೆ ಕುಳಿತರಂತೆ. ವರ್ಷದಲ್ಲಿ ಯಾವುದು ಎಷ್ಟು ದಿನ ಬಳಕೆಗೆ ಬಂದೀತೆಂದು ಒಂದೊಂದನ್ನೇ ನೋಡುತ್ತ, ಬಾರದ್ದನ್ನು ಹೊಡೆದುಹಾಕುತ್ತ ಹೋದರಂತೆ. ಸದ್ದು ಹೋಯಿತು, ಗೆರೆ ಹೋಯಿತು, ಸಾಲದ ಅರ್ಧಭಾಗ ಹೋಯಿತು. ಆರು ಏರ್‌ಬ್ಯಾಗ್, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕು ಉಳಿದವು. ಸನ್‌ರೂಫ್ ಬೇಕೆಂದು ಮಗ ಹಟ ಹಿಡಿದನಂತೆ. "ಇರಲಿ ಬಿಡಿ ಮೇಷ್ಟ್ರೇ, ಆಕಾಶ ನೋಡಿಕೊಳ್ಳಲಿ ಎಂದೆ" ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಅವರ ಧ್ವನಿ ತಗ್ಗಿತು. ಪಟ್ಟಿಯನ್ನು ಮಡಿಸಿಡುವಾಗ ಮಗ ಒಂದು ಮಾತು ಕೇಳಿದನಂತೆ: "ಅಪ್ಪಾ, ಟಾಪ್ ಮಾಡೆಲ್ಲಿನ ಪುಟವನ್ನು ನನಗಿಂತ ಹೆಚ್ಚು ಸಲ ತೆರೆದು ನೋಡಿದವರು ನೀವು. ಮುಂದಿನ ಜಾತ್ರೆಗೆ ಕಾರು ತೆಗೆದುಕೊಂಡು ಹೋದಾಗ ಮಠದಲ್ಲಿ ಎಲ್ಲಿ ನಿಲ್ಲಿಸಬೇಕೆಂದಿದ್ದೀರಿ, ಹೊರಗಿನ ಬಯಲಿನಲ್ಲೋ ಅಥವಾ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುವ ಮಹಾದ್ವಾರದ ಎದುರಿನಲ್ಲೋ?"

ಅವರು ಮಗನಿಗೆ ಇನ್ನೂ ಉತ್ತರ ಕೊಟ್ಟಿಲ್ಲವಂತೆ. ಕಾರು ಬರಲು ಇನ್ನೂ ಎರಡು ತಿಂಗಳಿದೆ.