ವಾಸಿಯಾಗದು ಎಂದವರ ಪುರಾವೆ

ಕೊಲೆಗಾರನೊಬ್ಬನ ಮಿದುಳಿನ ಚಿತ್ರ ತೋರಿಸಿ, ‘ಇವನು ಹುಟ್ಟಿದ್ದೇ ಹೀಗೆ, ಇವನಿಗೆ ಮದ್ದಿಲ್ಲ’ ಎನ್ನುವವರ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಚಿತ್ರ ಸುಳ್ಳೆಂದಲ್ಲ. ಪರರ ನೋವಿಗೆ ಮಿಡಿಯದ ಸ್ವಭಾವದ, ಅಂದರೆ ಸೈಕೋಪಥಿಯ, ಲಕ್ಷಣಗಳು ಬಲವಾಗಿರುವವರಲ್ಲಿ ಅಪಾಯಕ್ಕೆ ಎಚ್ಚರಾಗುವ ಅಮಿಗ್ಡಾಲ ಮಂದವಾಗಿರುವುದನ್ನೂ, ಅದನ್ನು ಹಣೆಯ ಹಿಂದಿನ ಭಾಗಕ್ಕೆ ಜೋಡಿಸುವ ನರತಂತುಗಳು ದುರ್ಬಲವಾಗಿರುವುದನ್ನೂ ಹಲವು ಅಧ್ಯಯನಗಳು ಕಂಡಿವೆ. ಬಂದಿಗಳ ಮಿದುಳು ನೋಡಲು ನರವಿಜ್ಞಾನಿ ಕೆಂಟ್ ಕೀಲ್ ಎಂಆರ್‌ಐ ಯಂತ್ರವನ್ನೇ ಟ್ರೇಲರಿನಲ್ಲಿ ಕೂರಿಸಿ ನ್ಯೂ ಮೆಕ್ಸಿಕೋದ ಜೈಲುಗಳಿಗೆ ಒಯ್ದರು. ಆದರೆ ಇವೆಲ್ಲ ಗುಂಪಿನ ಸರಾಸರಿಗಳು. ಮೇಲಾಗಿ, ಮಿದುಳಿನಲ್ಲಿ ಕಂಡದ್ದೆಲ್ಲ ಬದಲಾಗದ್ದು ಎಂಬುದು ಯಾವ ತರ್ಕ? ಓದು ಕಲಿತ ಮಗುವಿನ ಮಿದುಳೂ ಬದಲಾಗಿರುತ್ತದೆ.

ಪ್ರಾರಬ್ಧ, ಇಚ್ಛಾಸ್ವಾತಂತ್ರ್ಯಗಳ ಹಳೆಯ ಚರ್ಚೆ ಇಲ್ಲಿ ನನಗೆ ನೆರವಾಗಿಲ್ಲ. ನನ್ನ ಜಗಳ ಕೆನಡಾದ ಸಂಶೋಧಕರಾದ ಗ್ರಾಂಟ್ ಹ್ಯಾರಿಸ್ ಮತ್ತು ಮಾರ್ನಿ ರೈಸ್ ಅವರೊಂದಿಗೆ. ಸೈಕೋಪಥಿ ರೋಗವೇ ಅಲ್ಲ, ವಿಕಾಸದಲ್ಲಿ ಉಳಿದುಬಂದ ಒಂದು ಬದುಕಿನ ತಂತ್ರ ಎಂದು ಅವರು ವಾದಿಸಿದರು. ಕೆಟ್ಟದ್ದೇ ಏನೂ ಇಲ್ಲವಾದರೆ ಸರಿಪಡಿಸುವುದು ಏನನ್ನು? ಜೊತೆಗೆ ಅಂಕಿಯೂ ಇತ್ತು. 1992ರ ಅವರ ಅಧ್ಯಯನದಲ್ಲಿ, ಒಂಟಾರಿಯೊದ ಬಿಗಿಭದ್ರತೆಯ ಮನೋರೋಗ ಆಸ್ಪತ್ರೆ ಓಕ್ ರಿಡ್ಜ್‌ನಲ್ಲಿ ಚಿಕಿತ್ಸೆ ಪಡೆದ ಸೈಕೋಪಾತ್‌ಗಳಲ್ಲಿ ನೂರಕ್ಕೆ 77 ಮಂದಿ ಮತ್ತೆ ಹಿಂಸೆಗಿಳಿದಿದ್ದರು. ಚಿಕಿತ್ಸೆ ಪಡೆಯದವರಲ್ಲಿ 55. ‘ಚಿಕಿತ್ಸೆ ಅವರನ್ನು ಇನ್ನಷ್ಟು ಕೆಡಿಸುತ್ತದೆ’ ಎಂಬ ಮಾತು ಗಟ್ಟಿಯಾದದ್ದು ಇಲ್ಲಿಂದ.

ಆ ಚಿಕಿತ್ಸೆ ಹೇಗಿತ್ತು? ಒಪ್ಪಿಗೆಗೆ ಬೆಲೆಯಿರಲಿಲ್ಲ. ಬಂದಿಗಳನ್ನು ಬೆತ್ತಲೆಯಾಗಿ ಒಂದೇ ಕೋಣೆಯಲ್ಲಿ ದಿನಗಟ್ಟಲೆ ಕೂಡಿಹಾಕಿ, ಗೋಡೆಯಲ್ಲಿ ತೂರಿಸಿದ ಕೊಳವೆಗಳ ಮೂಲಕ ದ್ರವಾಹಾರ ಕೊಡುತ್ತಿದ್ದರು. ಎಲ್‌ಎಸ್‌ಡಿಯನ್ನೂ ಕೊಟ್ಟರು. ತಜ್ಞರು ದೂರ ನಿಂತರು, ಬಂದಿಗಳೇ ಬಂದಿಗಳಿಗೆ ವೈದ್ಯರಾದರು. ಆ ಅಂಕಿ ಆ ಕೋಣೆಯ ಮೇಲಿನ ತೀರ್ಪು. ಚಿಕಿತ್ಸೆ ಎಂಬುದರ ಮೇಲಿನ ತೀರ್ಪಾಗಿ ಅದನ್ನು ಓದಿದ್ದೇ ಅನ್ಯಾಯ.

ಬೇರೆ ಬಗೆಯ ಚಿಕಿತ್ಸೆಯೂ ಇತ್ತು: 1995ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಮೆಂಡೋಟಾದಲ್ಲಿ, ಬೇರೆ ಬಂದಿಖಾನೆಗಳಿಗೆ ಬಗ್ಗದ ಹುಡುಗರಿಗಾಗಿ ಒಂದು ಕೇಂದ್ರ ತೆರೆಯಿತು. ಇಂದಿನ ನಡತೆಗೆ ನಾಳೆಯೇ ಸವಲತ್ತು, ಶಿಕ್ಷೆಗಿಂತ ಪ್ರತಿಫಲ. ಮನಶ್ಶಾಸ್ತ್ರಜ್ಞ ಮೈಕೆಲ್ ಕಾಲ್ಡ್‌ವೆಲ್ ಮತ್ತು ಸಂಗಡಿಗರು ಅಲ್ಲಿಂದ ಹೊರಬಂದವರ ಜಾಡು ಹಿಡಿದರು. ಹೋಲಿಕೆಯ ಗುಂಪಿನವರ ಕೈಯಲ್ಲಿ 16 ಜನ ಸತ್ತಿದ್ದರು, ಚಿಕಿತ್ಸೆ ಪಡೆದವರಿಂದ ಒಂದೂ ಕೊಲೆಯಾಗಿರಲಿಲ್ಲ.

ಇದು ನನಗೆ ನಂಬಲಾಗದ ಸುದ್ದಿಯೇನಲ್ಲ. ನಾನು ಹೈಸ್ಕೂಲು ಮೇಷ್ಟ್ರು. ಬೆತ್ತಕ್ಕೆ ಹೆದರದ ಒಬ್ಬ ಹುಡುಗ ನಮ್ಮಲ್ಲಿದ್ದ. ಅವನಿಗೆ ಯಾವ ಹಣೆಪಟ್ಟಿಯನ್ನೂ ನಾನು ಕಟ್ಟುವುದಿಲ್ಲ. ಹೊಡೆತ ತಿಂದು ‘ಮುಗೀತಾ ಸಾರ್?’ ಎನ್ನುತ್ತಿದ್ದ. ನಮ್ಮ ಪಿ.ಟಿ. ಮೇಷ್ಟ್ರು ಅವನಿಗೆ ಆಟದ ಸಾಮಾನಿನ ಕೋಣೆಯ ಬೀಗದ ಕೈ ಕೊಟ್ಟರು. ಯಾರನ್ನಾದರೂ ಹೊಡೆದ ದಿನ ಅದು ವಾಪಸ್. ಹೊಡೆದಾಟ ಬಹುಮಟ್ಟಿಗೆ ನಿಂತಿತು. ಏಕೆಂದು ಕೇಳಿದೆ. ‘ಕೀ ಹೋಗುತ್ತಲ್ಲ ಸಾರ್’ ಎಂದ. ಅವನಿಂದ ಏಟು ತಿನ್ನುತ್ತಿದ್ದವರ ನೋವು ಆ ಉತ್ತರದಲ್ಲಿ ಎಲ್ಲೂ ಇರಲಿಲ್ಲ.

ಹ್ಯಾರಿಸ್ ಮತ್ತು ರೈಸ್ ಅವರಿಗೆ ನಾನು ಇಲ್ಲಿ ಜಾಗ ಬಿಟ್ಟುಕೊಡಲೇಬೇಕು. ಮೆಂಡೋಟಾದ ಹುಡುಗರನ್ನು ಚೀಟಿ ಎತ್ತಿ ಎರಡು ಗುಂಪುಗಳಿಗೆ ಹಂಚಿರಲಿಲ್ಲ, ಅವರು ವಯಸ್ಕರೂ ಅಲ್ಲ. ಬದಲಾದದ್ದು ಅವರ ಲಾಭ-ನಷ್ಟದ ಲೆಕ್ಕಾಚಾರ ಮಾತ್ರವೇ ಇರಬಹುದು. ಹಾಗಿದ್ದರೂ ಸಾಯಬೇಕಿದ್ದವರು ಬದುಕಿದರೆ ಸಾಲದೇ? ಸಾಕು ಎನ್ನುತ್ತೇನೆ. ಸಂಶೋಧನೆಗೆ ಹಣ ಕೊಡಲು ಇಷ್ಟೇ ಕಾರಣ ಸಾಕು.

ಆದರೆ ನನ್ನ ಕೋಪದ ಬೇರು ಕರುಣೆಯಲ್ಲಿತ್ತು: ಮಿದುಳಿನ ಕೊರತೆಗಾಗಿ ಮನುಷ್ಯನನ್ನು ಕೈಬಿಡಬಾರದು ಎಂಬುದು. ಆ ಬೇರನ್ನೇ ಅಲುಗಿಸುವಂಥದ್ದು 2013ರಲ್ಲಿ ನೆದರ್ಲೆಂಡ್ಸ್‌ನಿಂದ ಬಂತು. ಹಾರ್ಮಾ ಮೆಫರ್ಟ್ ಮತ್ತು ಸಂಗಡಿಗರು ಸೈಕೋಪಥಿಯುಳ್ಳ ಅಪರಾಧಿಗಳಿಗೆ, ಒಂದು ಕೈ ಇನ್ನೊಂದನ್ನು ಸವರುವ, ನೋಯಿಸುವ ದೃಶ್ಯಗಳನ್ನು ತೋರಿಸಿದರು. ಸುಮ್ಮನೆ ನೋಡುವಾಗ ಅವರ ಮಿದುಳಿನ ಸ್ಪಂದನ ಇತರರದಕ್ಕಿಂತ ಕಡಿಮೆ. ‘ಅವರ ಜೊತೆ ನೀವೂ ಅನುಭವಿಸಿ’ ಎಂದಾಗ ವ್ಯತ್ಯಾಸ ಬಹಳಷ್ಟು ತಗ್ಗಿತು.

ಚಿಕಿತ್ಸೆಗೆ ಇದಕ್ಕಿಂತ ಒಳ್ಳೆಯ ಸುಳಿವಿಲ್ಲ. ಇಲ್ಲದ್ದನ್ನು ಬಿತ್ತಬೇಕಿಲ್ಲ, ಇರುವುದನ್ನು ಅಭ್ಯಾಸಕ್ಕೆ ತಂದರಾಯಿತು. ಆದರೆ ಅನುಭವಿಸಬಲ್ಲವನು ಅನುಭವಿಸದೆ ಉಳಿದನೆಂದರೆ ಅವನ ಅಪರಾಧ ದೊಡ್ಡದಾಗುವುದಿಲ್ಲವೇ? ವಾಸಿಯಾಗುವ ಸಾಧ್ಯತೆ ಹೆಚ್ಚಿದಷ್ಟೂ ಕ್ಷಮೆಯ ಕಾರಣ ಕರಗುತ್ತದೆ. ಕೇಳಿಕೊಂಡರೆ ಮಾತ್ರ ಏಳುವ ಅನುಕಂಪ ತಾನಾಗಿ ಏಳದಿರುವುದೇ ಕೊರತೆ ಎಂದು ಉತ್ತರಿಸಿ ನೋಡಿದೆ. ಅರ್ಧ ಮಾತ್ರ ಒಪ್ಪಿಗೆಯಾಯಿತು. ಸಂಶೋಧನೆ ಬೇಕೆಂಬ ನನ್ನ ಹಟ ಬದಲಾಗಿಲ್ಲ. ಅದು ರೋಗಿಗೆ ಸಲ್ಲಬೇಕಾದ ಆರೈಕೆಯೋ, ನಾಳೆ ಏಟು ತಿನ್ನಬಹುದಾದವರಿಗೆ ನಾವು ಕೊಡಬೇಕಾದ ರಕ್ಷಣೆಯೋ ಎಂಬುದನ್ನು ಮಾತ್ರ ಮೊದಲಿನಷ್ಟು ಧೈರ್ಯವಾಗಿ ಹೇಳಲಾರೆ.