ತಂಡ ಬಿಡುವುದು ದ್ರೋಹವೇ?

 

ಇವತ್ತು ಆಟದ ವಿಷಯ. ಧಮ್ಮದ ಗುಂಪಿನಲ್ಲಿ ಆಟ ಯಾಕೆ ಎಂದು ಹಿರಿಯರು ಕೇಳಬಹುದು. ನಮ್ಮ ಹುಡುಗರು ಎರಡು ದಿನದಿಂದ ಇದರ ಮೇಲೆಯೇ ಜಗಳ ಆಡುತ್ತಿದ್ದಾರೆ. ಆ ಜಗಳದ ಒಳಗಿರುವ ಪ್ರಶ್ನೆ ನಮ್ಮೆಲ್ಲರದೂ ಹೌದು: ಬೆಳೆಸಿದವರನ್ನು ಬಿಟ್ಟು ಹೋಗುವುದು ತಪ್ಪೇ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಟಗಾರನ ಒಪ್ಪಂದದ ಅವಧಿ ಮುಗಿದರೆ ಅವನು ಸ್ವತಂತ್ರ. ಕರೆದ ಯಾವ ತಂಡಕ್ಕಾದರೂ ಹೋಗಬಹುದು. ಇದಕ್ಕೆ ಫ್ರೀ ಏಜೆನ್ಸಿ ಎನ್ನುತ್ತಾರೆ. ಲೆಬ್ರಾನ್ ಜೇಮ್ಸ್ ತಮ್ಮ ಊರಿನ ಪಕ್ಕದ ಕ್ಲೀವ್‌ಲ್ಯಾಂಡ್ ತಂಡದಲ್ಲಿ ಏಳು ವರ್ಷ ಆಡಿದರು, ಕಪ್ ಸಿಗಲಿಲ್ಲ. 2010ರಲ್ಲಿ ಮಯಾಮಿಗೆ ಹೋದರು. ಊರಿನವರು ಬೀದಿಯಲ್ಲಿ ಅವರ ಜೆರ್ಸಿ ಸುಟ್ಟರು. ಮಯಾಮಿಯಲ್ಲಿ 2012 ಮತ್ತು 2013ರಲ್ಲಿ ಗೆದ್ದು, 2014ರಲ್ಲಿ ಮತ್ತೆ ಊರಿಗೆ ಬಂದು, 2016ರಲ್ಲಿ ಕ್ಲೀವ್‌ಲ್ಯಾಂಡ್‌ಗೂ ಕಪ್ ತಂದುಕೊಟ್ಟರು. ಅದೇ ವರ್ಷ ಕೆವಿನ್ ಡುರಾಂಟ್ ತಮ್ಮ ತಂಡವನ್ನು ಸೋಲಿಸಿದ ಗೋಲ್ಡನ್ ಸ್ಟೇಟ್ ತಂಡಕ್ಕೇ ಹೋಗಿ ಸೇರಿದರು, ಎರಡು ಕಪ್ ಗೆದ್ದರು. ಇನ್ನೊಬ್ಬರು ಡರ್ಕ್ ನೊವಿಟ್ಸ್ಕಿ. 21 ಸೀಸನ್ ಡಲ್ಲಾಸ್ ಒಂದೇ ತಂಡ, ಒಂದೇ ಕಪ್, 2011ರಲ್ಲಿ. ಹುಡುಗರ ಪ್ರಶ್ನೆ, ಇವರಲ್ಲಿ ಯಾರು ಸರಿ?

ಅಷ್ಟು ದೂರ ಹೋಗುವುದು ಬೇಡ, ನಮ್ಮ ಕರುಣ್ ನಾಯರ್ ಅವರನ್ನು ನೋಡೋಣ. 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ರನ್ ಹೊಡೆದು ಕರ್ನಾಟಕಕ್ಕೆ ಟ್ರೋಫಿ ಗೆಲ್ಲಿಸಿದವರು. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಅಂಥವರನ್ನು 2022ರಲ್ಲಿ ಕರ್ನಾಟಕ ತಂಡದಿಂದ ಕೈಬಿಟ್ಟರು. ಮೂವತ್ತೊಂದರ ವಯಸ್ಸಿನಲ್ಲಿ, ತ್ರಿಶತಕ ಹೊಡೆದವನು ಆಡಲು ತಂಡವಿಲ್ಲದೆ ಕೂತಿದ್ದ. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. 2024-25ರಲ್ಲಿ ವಿದರ್ಭ ರಣಜಿ ಗೆದ್ದಿತು. ನಾಗಪುರದಲ್ಲಿ ನಡೆದ ಕೇರಳ ವಿರುದ್ಧದ ಫೈನಲ್‌ನಲ್ಲಿ ಕರುಣ್ 86 ಮತ್ತು 135. (ನಮಗೆ ನಾಗಪುರ ಎಂದರೆ ದೀಕ್ಷಾಭೂಮಿ. ಇರಲು ಜಾಗ ಕೊಡದ ಮನೆಗೆ ನಿಷ್ಠೆ ತೋರಿಸು ಎಂದು ಕೇಳುವವರಿಗೆ ಬಾಬಾಸಾಹೇಬರು 1956ರಲ್ಲಿ ಅಲ್ಲಿಯೇ ಉತ್ತರ ಕೊಟ್ಟರು. ಅದು ಆಟವಲ್ಲ, ಬದುಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಊರಿನ ಹೆಸರು ಬಂತು, ನೆನಪಾಯಿತು.) ಅದೇ ಋತುವಿನ ವಿಜಯ್ ಹಜಾರೆ ಟ್ರೋಫಿಯಲ್ಲಿ ಕರುಣ್ 779 ರನ್ ಹೊಡೆದು ವಿದರ್ಭವನ್ನು ಫೈನಲ್‌ಗೆ ಒಯ್ದರು. ಎದುರಿಗೆ ಕರ್ನಾಟಕವೇ. ಕರ್ನಾಟಕ ಗೆದ್ದಿತು. 2025ರಲ್ಲಿ ಅವರಿಗೆ ಭಾರತ ತಂಡದ ಬಾಗಿಲು ಮತ್ತೆ ತೆರೆಯಿತು, ಆಮೇಲೆ ಕರ್ನಾಟಕಕ್ಕೂ ವಾಪಸ್ ಬಂದರು.

ಈ ಕಥೆಯಲ್ಲಿ ದ್ರೋಹ ಎಲ್ಲಿದೆ, ನನಗೆ ಕಾಣುವುದಿಲ್ಲ. ಆದರೂ ನಮ್ಮ ಬಾಯಲ್ಲಿ ಬರುವ ಮಾತು 'ಕರ್ನಾಟಕ ಬಿಟ್ಟು ಹೋದ' ಎಂದೇ. 'ಕರ್ನಾಟಕ ಅವನನ್ನು ಬಿಟ್ಟಿತು' ಎಂದು ಯಾರೂ ಹೇಳುವುದಿಲ್ಲ. ಆಟಗಾರ ಬೇರೆ ರಾಜ್ಯಕ್ಕೆ ಆಡಬೇಕಾದರೆ ತನ್ನ ಸಂಸ್ಥೆಯಿಂದ ಎನ್‌ಒಸಿ ತರಬೇಕು. ಸಂಸ್ಥೆ ಆಟಗಾರನನ್ನು ಕೈಬಿಡುವಾಗ ಯಾರಿಂದಲೂ ಯಾವ ಕಾಗದವೂ ಬೇಕಾಗಿಲ್ಲ. ಸಿಗಾಲೋವಾದ ಸುತ್ತದಲ್ಲಿ ಭಗವಾನರು ಸಿಗಾಲನೆಂಬ ಯುವಕನಿಗೆ ಆರು ದಿಕ್ಕುಗಳ ಅರ್ಥ ಹೇಳುವಾಗ ಮಾಲೀಕ ಮತ್ತು ಕೆಲಸಗಾರರ ಸಂಬಂಧವನ್ನೂ ಹೇಳುತ್ತಾರೆ. ಅಲ್ಲಿ ಮೊದಲು ಬರುವುದು ಮಾಲೀಕನ ಕರ್ತವ್ಯ: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಸಂಬಳ, ಕಾಯಿಲೆ ಬಿದ್ದಾಗ ಆರೈಕೆ, ಒಳ್ಳೆಯ ತಿನಿಸು ಬಂದಾಗ ಹಂಚುವುದು, ಸಕಾಲಕ್ಕೆ ಬಿಡುವು. ಕೆಲಸಗಾರನ ನಿಷ್ಠೆ ಅದಾದ ಮೇಲೆ. ಈ ಕ್ರಮವನ್ನು ನಾವು ಓದುವಾಗ ಗಮನಿಸುವುದು ಕಡಿಮೆ.

ಇನ್ನೊಂದು ಬದಿಗೆ ವಿರಾಟ್ ಕೊಹ್ಲಿ ಇದ್ದಾರೆ. 2008ರಿಂದ ಒಂದೇ ತಂಡ. 2009, 2011, 2016ರ ಫೈನಲ್‌ಗಳಲ್ಲಿ ಸೋಲು. ಕೊನೆಗೆ 2025ರ ಜೂನ್ 3ರಂದು ಆರ್‌ಸಿಬಿ ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದಾಗ ಅವರು ಮೈದಾನದಲ್ಲೇ ಅತ್ತರು. ಗದಗಿನಲ್ಲೂ ಪಟಾಕಿ ಹೊಡೆದೆವು. ಇದು ದೊಡ್ಡ ನಿಷ್ಠೆ ಹೌದು. ಆದರೆ ಆ ಋತುವಿಗೆ ಅವರನ್ನು ಉಳಿಸಿಕೊಂಡ ಬೆಲೆ 21 ಕೋಟಿ. ನಿಷ್ಠೆಯಿಂದ ಇರುವವನಿಗೆ ಏನೂ ಕಡಿಮೆ ಆಗದಿದ್ದಾಗ ಅದನ್ನು ತ್ಯಾಗ ಎಂದು ಕರೆಯಲು ನನಗೆ ಸ್ವಲ್ಪ ಹಿಂಜರಿಕೆ. ತಪ್ಪು ಎನ್ನುತ್ತಿಲ್ಲ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಜನರನ್ನು ಸಂಭಾಳಿಸಬೇಕಾದವರ ಹೊಣೆ ಬೇರೆಯೇ ಇದೆ. ಆದರೆ ಆ ದಿನ ಒಂದು ಮಾತು ನನಗೆ ಹೊಳೆದದ್ದು ಹೌದು: ಆಟಗಾರನಿಂದ ನಾವು ಬಯಸುವ ನಿಷ್ಠೆಯಲ್ಲಿ ಬಹುಪಾಲು ನಮ್ಮದೇ ತಣ್ಹಾ. 'ಈ ಸಲ ಕಪ್ ನಮ್ದೇ' ಎನ್ನುವಾಗ ಅಂಟಿಕೊಂಡವರು ನಾವು, ಬಿಟ್ಟು ಹೋಗಬಾರದವನು ಅವನು.

ಗದುಗಿನವರು ಇಲ್ಲಿ ಕರ್ಣನನ್ನು ತರುತ್ತಾರೆ, ತರಲೇಬೇಕು. ಕುಮಾರವ್ಯಾಸ ನಮ್ಮ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದನೆನ್ನುವ ಭಾರತದಲ್ಲಿ, ಯುದ್ಧಕ್ಕೆ ಮೊದಲು ಕೃಷ್ಣ ಕರ್ಣನನ್ನು ಬದಿಗೆ ಕರೆದು ನೀನು ಕುಂತಿಯ ಮಗ, ನಮ್ಮ ಕಡೆ ಬಾ, ರಾಜ್ಯ ನಿನ್ನದೇ ಎನ್ನುತ್ತಾನೆ. ಗೆಲ್ಲುವ ತಂಡದಿಂದ ಬಂದ ಇದಕ್ಕಿಂತ ದೊಡ್ಡ ಕರೆ ಯಾವ ಆಟಗಾರನಿಗೆ ಬಂದೀತು? ಕರ್ಣ ಸಂಕಟಪಡುತ್ತಾನೆ, ಆದರೆ ಹೋಗುವುದಿಲ್ಲ. ಅನ್ನ ಹಾಕಿದ ದುರ್ಯೋಧನನನ್ನು ಬಿಡಲಾರ. ಚಿಕ್ಕಂದಿನಿಂದ ಈ ಭಾಗ ಕೇಳಿ ಕಣ್ಣು ಒದ್ದೆ ಮಾಡಿಕೊಂಡವರು ನಾವು. ಕೃತಜ್ಞತೆ ಬೌದ್ಧರಿಗೂ ಸಣ್ಣ ಗುಣವಲ್ಲ. ಮೊದಲು ಉಪಕಾರ ಮಾಡುವವನು, ಆ ಉಪಕಾರವನ್ನು ಅರಿತು ತೀರಿಸುವವನು, ಈ ಇಬ್ಬರೂ ಲೋಕದಲ್ಲಿ ಅಪರೂಪ ಎಂದು ಅಂಗುತ್ತರ ನಿಕಾಯದಲ್ಲಿದೆ. ಆದರೆ ಕರ್ಣನ ಕೃತಜ್ಞತೆ ಅವನನ್ನು ಎಲ್ಲಿ ನಿಲ್ಲಿಸಿತು? ತುಂಬಿದ ಸಭೆಯಲ್ಲಿ ಹೆಣ್ಣುಮಗಳ ಸೀರೆ ಸೆಳೆಸಿದವರ ಪಕ್ಕದಲ್ಲಿ. ಋಣ ತೀರಿಸಲು ಮೈ ಕೊಡಬಹುದು, ದುಡಿಮೆ ಕೊಡಬಹುದು. ತನ್ನ ವಿವೇಕವನ್ನೂ ಅಡ ಇಟ್ಟರೆ ಅದು ಜೀತ. ಕರ್ಣನ ಮೇಲೆ ನನಗೆ ಪ್ರೀತಿ ಇದೆ, ಆದರೆ ಮಕ್ಕಳಿಗೆ ಅವನನ್ನು ಮಾದರಿಯಾಗಿ ತೋರಿಸುವುದಿಲ್ಲ.

ಹಾಗಾದರೆ ಇರಬೇಕೋ, ಹೋಗಬೇಕೋ ಎಂದು ಅಳೆಯುವುದು ಹೇಗೆ? ಮಜ್ಝಿಮ ನಿಕಾಯದ ಹದಿನೇಳನೆಯ ಸುತ್ತ, ವನಪತ್ಥ ಸುತ್ತ, ಇದಕ್ಕೇ ಹೇಳಿದಂತಿದೆ. ಭಿಕ್ಖು ಒಂದು ಕಾಡಿನಲ್ಲಿ ವಾಸ ಮಾಡುತ್ತಿದ್ದಾನೆ. ಅವನು ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಇಲ್ಲಿ ನನ್ನ ಸ್ಮೃತಿ ನೆಲೆಗೊಳ್ಳುತ್ತಿದೆಯೇ, ಚಿತ್ತ ಏಕಾಗ್ರವಾಗುತ್ತಿದೆಯೇ, ಕಲ್ಮಶ ಕಡಿಮೆಯಾಗುತ್ತಿದೆಯೇ? ಎರಡು, ಚೀವರ, ಭಿಕ್ಷೆ, ವಸತಿ, ಔಷಧ ಸಿಗುತ್ತಿವೆಯೇ? ಎರಡೂ ಇಲ್ಲದಿದ್ದರೆ ಹಗಲೋ ರಾತ್ರಿಯೋ ಕೂಡಲೇ ಹೊರಡು. ಎರಡೂ ಇದ್ದರೆ ಜೀವ ಇರುವ ತನಕ ಇರು. ನಡುವಿನ ಎರಡು ಸಂದರ್ಭಗಳೇ ಮುಖ್ಯ. ಊಟ ವಸತಿ ಧಾರಾಳ, ಆದರೆ ಒಳಗೆ ಬೆಳೆ ಇಲ್ಲ: ನಾನು ಮನೆ ಬಿಟ್ಟದ್ದು ಊಟಕ್ಕಲ್ಲ ಎಂದು ನೆನೆದು ಅಲ್ಲಿಂದ ಹೊರಡು. ಊಟ ವಸತಿಗೆ ಕಷ್ಟ, ಆದರೆ ಒಳಗೆ ಬೆಳೆಯುತ್ತಿದ್ದೀಯಾ: ಅದೇ ಮಾತು ನೆನೆದು ಅಲ್ಲಿಯೇ ಇರು. ಕಾಡಿಗೆ ಹೇಳಿದ ಇದೇ ಲೆಕ್ಕವನ್ನು ಭಗವಾನರು ಮುಂದೆ ಹಳ್ಳಿ, ಪಟ್ಟಣ, ನಗರ, ನಾಡು, ಕೊನೆಗೆ ಒಬ್ಬ ವ್ಯಕ್ತಿಯ ಆಶ್ರಯದಲ್ಲಿ ಇರುವುದಕ್ಕೂ ಅನ್ವಯಿಸುತ್ತಾರೆ.

ಈಗ ಕಪ್ಪನ್ನು ಯಾವ ಖಾನೆಯಲ್ಲಿ ಬರೆಯುತ್ತೀರಿ? ನಾನು ಚೀವರ, ಭಿಕ್ಷೆಯ ಖಾನೆಯಲ್ಲಿ ಬರೆಯುತ್ತೇನೆ. ಸಂಬಳ, ಹೆಸರು, ಪದಕ ಎಲ್ಲ ಅಲ್ಲಿಯೇ. ಅವು ಬೇಡವೆಂದು ಸುತ್ತ ಹೇಳುವುದಿಲ್ಲ, ಭಿಕ್ಖುವಿಗೂ ಹೊಟ್ಟೆ ಇದೆ. ಆದರೆ ನಿರ್ಧಾರ ಆ ಖಾನೆಯಿಂದ ಆಗಬಾರದು ಎನ್ನುತ್ತದೆ. ನಿಷ್ಠೆ? ಸುತ್ತದಲ್ಲಿ ಅದಕ್ಕೆ ಬೇರೆ ಖಾನೆಯೇ ಇಲ್ಲ, ಇದು ನನಗೆ ಮೊದಲ ಓದಿಗೆ ಆಶ್ಚರ್ಯ ತಂದಿತ್ತು. ನೀನು ಎಷ್ಟು ವರ್ಷದಿಂದ ಈ ಕಾಡಿನಲ್ಲಿದ್ದೀ ಎಂದು ಭಗವಾನರು ಕೇಳುವುದೇ ಇಲ್ಲ. ಈ ಅಳತೆಯಿಂದ ನೋಡಿದರೆ ಕರುಣ್‌ಗೆ ಕರ್ನಾಟಕದಲ್ಲಿ ಎರಡೂ ಖಾನೆ ಖಾಲಿಯಾಗಿದ್ದವು. ನೊವಿಟ್ಸ್ಕಿಗೆ ಎರಡೂ ತುಂಬಿದ್ದಿರಬೇಕು. ಡುರಾಂಟ್ ಮನಸ್ಸಿನೊಳಗೆ ಏನಿತ್ತೋ, ಅದನ್ನು ಅಳೆಯಲು ನಾನು ಯಾರು? ಕಪ್ಪಿನ ಬೆನ್ನು ಹತ್ತಿದರೂ ಅದು ಸಿಕ್ಕೀತು ಎನ್ನುವ ಖಾತರಿ ಇಲ್ಲ. ರಾಬಿನ್ ಉತ್ತಪ್ಪ 2017ರಲ್ಲಿ ಕರ್ನಾಟಕದಿಂದ ಸೌರಾಷ್ಟ್ರಕ್ಕೆ ಹೋದರು, 2019ರಲ್ಲಿ ಅಲ್ಲಿಂದ ಕೇರಳಕ್ಕೆ. ಅವರು ಬಿಟ್ಟ ಋತುವಿನಲ್ಲೇ ಸೌರಾಷ್ಟ್ರ ರಣಜಿ ಗೆದ್ದಿತು! ಅನಿಚ್ಚ ಎಂದರೆ ಇದೇ.

ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. 'ನನ್ನ ಬೆಳವಣಿಗೆಗಾಗಿ ಹೋಗುತ್ತಿದ್ದೇನೆ' ಎಂದು ಎಲ್ಲರೂ ಹೇಳುತ್ತಾರೆ, ಹೆಚ್ಚು ದುಡ್ಡಿಗೆ ಹೋಗುವವನು ಎಲ್ಲರಿಗಿಂತ ಜೋರಾಗಿ ಹೇಳುತ್ತಾನೆ. ಇದಕ್ಕೆ ಸಿದ್ಧಾರ್ಥ ಗೋತಮರೇ ಬಿಟ್ಟು ಹೋದ ರೀತಿ ನೋಡಬೇಕು. ಆಳಾರ ಕಾಲಾಮ ಅವರ ಮೊದಲ ಗುರು. ಕಲಿಸಿದ್ದನ್ನು ಶಿಷ್ಯ ಪೂರ್ತಿ ಸಾಧಿಸಿದಾಗ ಆಳಾರ, ಬಾ, ಇಬ್ಬರೂ ಸೇರಿ ಈ ಗುಂಪನ್ನು ನಡೆಸೋಣ ಎಂದು ತನ್ನ ಸಮಾನ ಪೀಠ ಕೊಟ್ಟ. ಉದ್ದಕ ರಾಮಪುತ್ತನಂತೂ ಗುಂಪನ್ನೇ ಬಿಟ್ಟುಕೊಡಲು ಬಂದ. ಎರಡೂ ಕಡೆ ಪೀಠ ಸಿಗುತ್ತಿದ್ದಾಗಲೇ ಗೋತಮರು ಎದ್ದು ಹೊರಟರು, ಹುಡುಕುತ್ತಿದ್ದದ್ದು ಅಲ್ಲಿರಲಿಲ್ಲ. ಮುಂದೆ ಬೋಧಿ ದೊರೆತ ಮೇಲೆ, ಇದನ್ನು ಮೊದಲು ಯಾರಿಗೆ ಹೇಳಲಿ ಎಂದು ಯೋಚಿಸಿದಾಗ ಮೊದಲು ನೆನಪಾದದ್ದು ಆಳಾರ, ಆಮೇಲೆ ಉದ್ದಕ. ಇಬ್ಬರೂ ಆಗಷ್ಟೇ ತೀರಿಕೊಂಡಿದ್ದರು. ಮೂರನೆಯದಾಗಿ ನೆನಪಾದವರು ಆ ಐವರು ಸಂಗಾತಿಗಳು. ಕಠಿಣ ತಪಸ್ಸು ಬಿಟ್ಟ, ಕೆಟ್ಟ ಎಂದು ಗೋತಮರನ್ನೇ ಬಿಟ್ಟು ಹೋಗಿದ್ದವರು! ಅವರನ್ನು ಹುಡುಕಿಕೊಂಡು ಇಸಿಪತನದ ತನಕ ನಡೆದು ಹೋದರು.

ನಮ್ಮ ಗದಗಿನ ಸಂಗೀತದಲ್ಲೂ ಎರಡು ದಾರಿಗಳಿವೆ. ಭೀಮಸೇನ ಜೋಶಿಯವರು ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಗ್ವಾಲಿಯರ್, ಜಲಂಧರ್ ಎಲ್ಲ ಸುತ್ತಿದರು, ಕೊನೆಗೆ ಸಿಕ್ಕಿದ ಗುರು ನಮ್ಮ ಪಕ್ಕದ ಕುಂದಗೋಳದ ಸವಾಯಿ ಗಂಧರ್ವರು. ಆಮೇಲೆ ಪುಣೆಯಲ್ಲಿ ನೆಲೆಸಿದರೂ ಅಲ್ಲಿ ಗುರುವಿನ ಹೆಸರಿನಲ್ಲೇ ಉತ್ಸವ ಕಟ್ಟಿದರು. ಪುಟ್ಟರಾಜ ಗವಾಯಿಗಳು 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, 2010ರಲ್ಲಿ ಉಸಿರು ಬಿಡುವ ತನಕ ಇಳಿಸಲಿಲ್ಲ. ಭೀಮಸೇನರು ಗದಗ ಬಿಟ್ಟರು ಎಂದು ಯಾರಾದರೂ ಬೈಯುತ್ತಾರೆಯೇ?

ಕ್ರಿಕೆಟ್‌ನಲ್ಲಿ ನಮ್ಮ ಸುನಿಲ್ ಜೋಶಿಯವರು ಹುಡುಗರಾಗಿದ್ದಾಗ ಅಭ್ಯಾಸಕ್ಕೆ ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ, ತಿರುಗಿ ಗದಗಿನ ಶಾಲೆಗೆ ಬರುತ್ತಿದ್ದರು. ಆಮೇಲೆ ಬೆಂಗಳೂರು, ಭಾರತ ತಂಡ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರಿಗೆ 6 ರನ್ ಕೊಟ್ಟು 5 ವಿಕೆಟ್. ಆ ಹುಡುಗನಿಗೆ ಯಾರಾದರೂ 'ಊರ ಮೈದಾನ ಬಿಡಬ್ಯಾಡ' ಎಂದು ಆಣೆ ಹಾಕಿಸಿದ್ದರೆ?

ಇಷ್ಟು ಬರೆಯಲು ಕಾರಣವಿದೆ. ಹೋದ ಭಾನುವಾರ ಓದು ಮುಗಿದ ಮೇಲೆ ಬಳಗದ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು: 'ಅಣ್ಣಾರ, ನಮ್ಮ ಹುಡುಗ ಕಬಡ್ಡಿ ಛಲೋ ಆಡ್ತಾನ್ರಿ. ಹುಬ್ಬಳ್ಳಿ ಕಡೆ ತಂಡದವ್ರು ಬಾ ಅಂತಾರ. ಇಲ್ಲಿ ಕಲಿಸಿದ ಸರ್ ಎಂಟು ದಿನದಿಂದ ಅವನ ಕೂಡ ಮಾತು ಬಿಟ್ಟಾರ. ಉಂಡ ಮನಿಗೆ ಎರಡು ಬಗದಂಗ ಆಗ್ತದೇನ್ರಿ?'

ಮೇಲಿನ ಸುತ್ತವನ್ನೇ ಅವರಿಗೆ ಹೇಳಿದೆ. ಹುಡುಗ ಎರಡು ಖಾನೆ ಹಾಕಿ ತಾನೇ ಬರೆಯಲಿ, ಯಾರಿಗೂ ತೋರಿಸುವುದು ಬೇಡ. ಹುಬ್ಬಳ್ಳಿಯಲ್ಲಿ ಅವನನ್ನು ಆಡಿಸುತ್ತಾರೋ, ಬೆಂಚಿನ ಮೇಲೆ ಕೂರಿಸಿ ಟಿ-ಶರ್ಟ್ ಕೊಡುತ್ತಾರೋ, ಅದನ್ನು ಮೊದಲು ವಿಚಾರಿಸಲಿ. ಹೋಗುವುದೇ ಆದರೆ ಸರ್‌ಗೆ ಬೇರೆಯವರಿಂದ ಸುದ್ದಿ ಮುಟ್ಟುವ ಮುಂಚೆ ತಾನೇ ಹೋಗಿ, ಎದುರಿಗೆ ನಿಂತು ಹೇಳಲಿ. ರಜೆಗೆ ಬಂದಾಗ ಅದೇ ಮೈದಾನದಲ್ಲಿ ಸಣ್ಣ ಹುಡುಗರಿಗೆ ಕಲಿಸಲಿ. ಸರ್ ಆಗಲೂ ಮಾತಾಡದಿದ್ದರೆ? ಆದರೂ ಕಲಿಸಲಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಣ್ಣಾರ, ಆ ಮಾಲೀಕರು ಏನೇನು ಮಾಡಬೇಕು ಅಂತ ಐದು ಬರೀತಾರಲ್ರಿ, ಅದನ್ನ ನಮ್ಮ ಸರ್‌ಗೂ ಒಮ್ಮೆ ಓದಿ ಹೇಳ್ರಿ' ಎಂದರು. ಬರುವ ಭಾನುವಾರದ ಓದಿಗೆ ಸಿಗಾಲೋವಾದ ಸುತ್ತವನ್ನೇ ಇಟ್ಟಿದ್ದೇವೆ. ಸರ್ ಅವರನ್ನೂ ಕರೆದಿದ್ದೇನೆ, ನೋಡೋಣ ಎಂದಿದ್ದಾರೆ.